ಕಾರ್ಖಾನೆ ಮತ್ತು ಊರು: ಭದ್ರಾವತಿ, ಹರಿಹರಗಳಿಂದ ನಾವು ಕಲಿಯಬೇಕಾದ ಪಾಠ

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ನಮ್ಮನ್ನು ಕೇಳಿಕೊಂಡರು. ನೇಗಿಲು ಹಿಡಿದು ರೂಢಿಯಾದ ಕೈಗೆ ಲೇಖನಿ ಹಿಡಿಯುವುದು ಅಷ್ಟು ಸುಲಭವಲ್ಲ. ಆದರೂ ಹಿರಿಯರ ಮಾತು ಮೀರಬಾರದೆಂದು ಒಪ್ಪಿಕೊಂಡಿದ್ದೇವೆ. ತಪ್ಪಿದ್ದರೆ ಓದುಗ ಬಂಧುಗಳು ಮನ್ನಿಸಬೇಕು.

ಸಂಘದ ಷೇರು, ಠೇವಣಿ, ಸಾಲ, ವಸೂಲಾತಿ ಇವುಗಳ ಲೆಕ್ಕ ವಾರ್ಷಿಕ ವರದಿಯಲ್ಲಿ ಇದ್ದೇ ಇರುತ್ತದೆ. ಅದನ್ನೇ ಮತ್ತೆ ಬರೆಯುವುದು ಬೇಡವೆನಿಸಿತು. ಹಾಗಾಗಿ ಈ ಲೇಖನದಲ್ಲಿ ನಾವು ಕಾರ್ಖಾನೆಗಳ ವಿಷಯ ಹೇಳಹೊರಟಿದ್ದೇವೆ. ರೈತರ ಸಂಘದ ಸಂಚಿಕೆಯಲ್ಲಿ ಕಾರ್ಖಾನೆ ಸುದ್ದಿ ಯಾಕಪ್ಪಾ ಅಂತ ಕೆಲವರು ಕೇಳಬಹುದು. ಕಾರಣವಿದೆ. ಸಹಕಾರ ಸಂಘ ಎಂಬ ವಿಚಾರವೇ ಬೆಳೆದದ್ದು ಕಾರ್ಖಾನೆಗಳ ಊರಿನಲ್ಲಿ. ಇಂಗ್ಲೆಂಡಿನ ರಾಕ್‌ಡೇಲ್ ಎಂಬ ಗಿರಣಿ ಊರಿನಲ್ಲಿ 1844ರಲ್ಲಿ ನೇಕಾರರೇ ಮೊದಲಾದ 28 ಜನ ಶ್ರಮಿಕರು ತಲಾ ಒಂದು ಪೌಂಡ್ ಹಾಕಿ ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಮಾರುವ ಅಂಗಡಿ ತೆರೆದರು. ಕಲಬೆರಕೆಯಿಲ್ಲದ ಸಾಮಾನು, ಸರಿಯಾದ ತೂಕ, ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ಅವರ ನಿಯಮ. ಅದೇ ವಿಚಾರ ನಮ್ಮ ನಾಡಿಗೆ ಬಂದು, 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ರೈತರ ಸಂಘವಾಯಿತು. ಅಂದ ಮೇಲೆ ಕಾರ್ಖಾನೆಯೂ ನಮಗೆ ಒಂದು ರೀತಿಯಲ್ಲಿ ಬೀಗರ ಮನೆ ಇದ್ದಂತೆ.

ಇನ್ನೊಂದು ಕಾರಣ ನಮ್ಮ ನ್ಯಾಮತಿ ಸೀಮೆ ಇರುವ ಜಾಗ. ಶಿವಮೊಗ್ಗ ದಾಟಿ ಮುಂದೆ ಹೋದರೆ ಭದ್ರಾವತಿ. ಹೊನ್ನಾಳಿ ದಾಟಿ ಮುಂದೆ ಹೋದರೆ ಹರಿಹರ. ಒಂದು ಕಡೆ ಕಬ್ಬಿಣದ ಕಾರ್ಖಾನೆ, ಇನ್ನೊಂದು ಕಡೆ ಯಂತ್ರದ ಕಾರ್ಖಾನೆ. 1997ರವರೆಗೆ ನಾವು ಶಿವಮೊಗ್ಗ ಜಿಲ್ಲೆಯವರು. ಆಗ ಭದ್ರಾವತಿ ನಮ್ಮ ಜಿಲ್ಲೆಯ ಹೆಮ್ಮೆ. ಆ ವರ್ಷ ದಾವಣಗೆರೆ ಜಿಲ್ಲೆ ಆದ ಮೇಲೆ ಹರಿಹರ ನಮ್ಮ ಜಿಲ್ಲೆಯ ಊರಾಯಿತು. ನಾವು ಇದ್ದಲ್ಲೇ ಇದ್ದೆವು, ಗೆರೆ ಮಾತ್ರ ಸರಿಯಿತು. ಹೀಗೆ ಎರಡೂ ಕಾರ್ಖಾನೆಗಳನ್ನು ನಮ್ಮದು ಎಂದು ಹೇಳಿಕೊಳ್ಳುವ ಭಾಗ್ಯ ನಮಗೆ ಸಿಕ್ಕಿತು. ಅವುಗಳ ಏಳು ಬೀಳು ಎರಡನ್ನೂ ಹತ್ತಿರದಿಂದ ನೋಡಬೇಕಾಗಿಯೂ ಬಂತು.

ಬೆಂಕಿಪುರದ ಕುಲುಮೆ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಹೆಸರಿಗೆ ತಕ್ಕಂತೆ ಅಲ್ಲಿ ಬೆಂಕಿಯ ಕೆಲಸವೇ ಬಂತು. ಮೈಸೂರು ಸಂಸ್ಥಾನದ ಸರ್ಕಾರ 1918ರಲ್ಲಿ ಈ ಕಾರ್ಖಾನೆಯನ್ನು ಕೈಗೆತ್ತಿಕೊಂಡಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕಂಡ ಕನಸು ಅದು. ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಅದಿರು, ಮಲೆನಾಡಿನ ಕಾಡಿನಿಂದ ಸೌದೆ. ಬೇರೆ ಕಡೆಗಳಲ್ಲಿ ಕಬ್ಬಿಣ ಕರಗಿಸಲು ಗಣಿಯ ಕಲ್ಲಿದ್ದಲು ಬಳಸಿದರೆ, ನಮ್ಮಲ್ಲಿ ಕಲ್ಲಿದ್ದಲು ಇರಲಿಲ್ಲವಾದ್ದರಿಂದ ಸೌದೆಯನ್ನು ಇದ್ದಿಲು ಮಾಡಿ ಅದರಿಂದ ಕುಲುಮೆ ನಡೆಸಿದರು. ಸೌದೆ ಸುಡುವಾಗ ಬರುವ ಟಾರು ಮುಂತಾದ ಪದಾರ್ಥಗಳನ್ನೂ ಬಿಡದೆ ಹಿಡಿದು ಮಾರುತ್ತಿದ್ದರು. 1923ರ ಜನವರಿಯಲ್ಲಿ ಮೊದಲ ಬೀಡುಕಬ್ಬಿಣ ಹೊರಬಂತು.

ಮೊದಲ ವರ್ಷಗಳಲ್ಲಿ ಕಾರ್ಖಾನೆಗೆ ಬಹಳ ಕಷ್ಟವಾಯಿತು. ಆಗ ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಕರೆತಂದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. 1923ರಿಂದ 1929ರವರೆಗೆ ಅವರು ಕಾರ್ಖಾನೆಯನ್ನು ನಡೆಸಿ ನಿಲ್ಲಿಸಿದರು. ಖರ್ಚು ಇಳಿಸಿದರು, ಹೊರದೇಶದ ತಜ್ಞರನ್ನೇ ನಂಬಿ ಕೂರದೆ ನಮ್ಮ ಹುಡುಗರಿಗೆ ಕೆಲಸ ಕಲಿಸಿದರು. ಆ ಸೇವೆಗೆ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಅದು ಸೇರಲಿ ಎಂದರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಜಯಚಾಮರಾಜೇಂದ್ರ ಕಸುಬು ಶಿಕ್ಷಣ ಸಂಸ್ಥೆ, ಅಂದರೆ ಇಂದಿನ ಎಸ್.ಜೆ. ಪಾಲಿಟೆಕ್ನಿಕ್, ಹಾಗೆ ಬಂದದ್ದು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಲೇಖನದ ಕೊನೆಗೆ ಇದರ ಕೆಲಸವಿದೆ.

ಮುಂದೆ 1936ರಲ್ಲಿ ಉಕ್ಕು, ಆಮೇಲೆ ಸಿಮೆಂಟು. 1952ರಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಬಂದವು. 1962ರಲ್ಲಿ ಕಾರ್ಖಾನೆ ಕಂಪನಿಯಾಯಿತು. ನಂತರ ವಿಶ್ವೇಶ್ವರಯ್ಯನವರ ಹೆಸರನ್ನೇ ಅದಕ್ಕೆ ಇಟ್ಟರು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ಅದನ್ನು ವಹಿಸಿಕೊಂಡು 1998ರಲ್ಲಿ ತನ್ನಲ್ಲಿ ಸೇರಿಸಿಕೊಂಡಿತು. ಇಷ್ಟೆಲ್ಲಾ ಹೆಸರು ಬದಲಾದರೂ ನಮ್ಮ ಹಳ್ಳಿಯವರ ಬಾಯಲ್ಲಿ ಅದು ಇವತ್ತಿಗೂ ಕಬ್ಬಿಣದ ಕಾರ್ಖಾನೆಯೇ.

ನೇಗಿಲಿನಿಂದ ಲೇತಿನವರೆಗೆ

ಹರಿಹರದ ಕಥೆ ಶುರುವಾಗುವುದು ರೈತನ ನೇಗಿಲಿನಿಂದ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೊಂಬಾಯಿಯ ತಾಂತ್ರಿಕ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದರು. ತಮಗೆ ಬರಬೇಕಾದ ಬಡ್ತಿ ಬೇರೆಯವರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ನಡೆಸಿದರು, ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಆದರೆ ಕೊಳ್ಳುವವರೇ ಇಲ್ಲ! ಕಬ್ಬಿಣ ಭೂಮಿತಾಯಿಗೆ ವಿಷ, ಹೊಲ ಕೆಡುತ್ತದೆ ಎಂದು ರೈತರು ದೂರ ನಿಂತರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಹೊಸ ಗೊಬ್ಬರ, ಹೊಸ ಬೀಜ ಬಂದಾಗ ನಮ್ಮ ಅಜ್ಜಂದಿರೂ ಹೀಗೇ ಹಿಂಜರಿದದ್ದನ್ನು ಕೇಳಿದ ನಮಗೆ ಇದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ. ರೈತ ಕಣ್ಣಾರೆ ಕಾಣದೆ ನಂಬುವವನಲ್ಲ.

ಬೆಳಗಾವಿಯಲ್ಲಿ ಜಾಗ ಹೋದಾಗ ಔಂಧ್ ಸಂಸ್ಥಾನದ ರಾಜರು ಅವರಿಗೆ ಜಮೀನು ಕೊಟ್ಟು ಕರೆದರು. ಕಳ್ಳಿ ಬೆಳೆದ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಕಾರ್ಖಾನೆ ಜೊತೆಗೇ ಕೆಲಸಗಾರರ ಮನೆ, ಶಾಲೆ, ನೀರು, ಗಿಡಮರ ಎಲ್ಲವೂ ಬಂದವು. ಆ ಕಾಲದಲ್ಲೇ ಅಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ. ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನು ರಾತ್ರಿ ಕಾವಲಿಗೆ ಇಟ್ಟುಕೊಂಡದ್ದು ಪ್ರಸಿದ್ಧವಾದ ಸಂಗತಿ. ನಂಬಿದರೆ ಮನುಷ್ಯ ನಂಬಿಕೆ ಉಳಿಸಿಕೊಳ್ಳುತ್ತಾನೆ ಎಂಬುದು ಅವರ ವಿಶ್ವಾಸ.

ಅದೇ ಮನೆತನದವರು ಮೈಸೂರು ಸಂಸ್ಥಾನದ ಬೆಂಬಲದಿಂದ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪಿಸಿದರು. ಎರಡನೇ ಮಹಾಯುದ್ಧದ ಕಾಲ. ಪರದೇಶದಿಂದ ಯಂತ್ರಗಳು ಬರುವುದು ಕಷ್ಟವಾಗಿತ್ತು. ಹರಿಹರದಲ್ಲಿ ಲೇತ್ ತಯಾರಾಗತೊಡಗಿತು. ಲೇತ್ ಎಂದರೆ ಯಂತ್ರಗಳನ್ನು ಮಾಡುವ ಯಂತ್ರ. ಕಬ್ಬಿಣದ ತುಂಡನ್ನು ತಿರುಗಿಸುತ್ತಾ ಉಳಿಯಿಂದ ಕೊರೆದು ಶಾಫ್ಟು, ಬುಷ್ಷು, ಬೋಲ್ಟು ಮಾಡುತ್ತಾರೆ. ಬೆಂಗಳೂರಿಗೆ ಎಚ್.ಎಂ.ಟಿ. ಬಂದದ್ದು 1953ರಲ್ಲಿ. ಅದಕ್ಕೆ ಹನ್ನೆರಡು ವರ್ಷ ಮೊದಲೇ ತುಂಗಭದ್ರೆಯ ದಡದಲ್ಲಿ ಈ ವಿದ್ಯೆ ನೆಲೆಯೂರಿತ್ತು. ಇಲ್ಲಿ ತಯಾರಾದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಲೇತುಗಳು ದೇಶದ ಮೂಲೆ ಮೂಲೆಯ ಐ.ಟಿ.ಐ.ಗಳಿಗೂ ವರ್ಕ್‌ಶಾಪುಗಳಿಗೂ ಹೋದವು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರ ಎಂದೇ ಹೆಸರು. ಮಕ್ಕಳಿಗೆ ಕಾರ್ಖಾನೆಯ ಹೆಸರಿನ ಟ್ರಸ್ಟಿನ ಶಾಲೆ ಬಂತು.

ಗಡಿಯಾರದ ಬದುಕು

ನಮ್ಮ ದುಡಿಮೆ ಮಳೆ ನಕ್ಷತ್ರದ ಮೇಲೆ ನಡೆಯುತ್ತದೆ. ಕಾರ್ಖಾನೆಯವರದು ಗಡಿಯಾರದ ಮೇಲೆ. ಕಬ್ಬಿಣದ ಕುಲುಮೆಯನ್ನು ರಾತ್ರಿಯಾಯಿತೆಂದು ಆರಿಸಲು ಬರುವುದಿಲ್ಲ. ಆರಿದರೆ ಒಳಗಿದ್ದದ್ದು ಗಟ್ಟಿಯಾಗಿ ಕೂತುಬಿಡುತ್ತದೆ. ಆದ್ದರಿಂದ ಎಂಟೆಂಟು ಗಂಟೆಯ ಮೂರು ಶಿಫ್ಟು. ಒಬ್ಬ ಮಲಗುವ ಹೊತ್ತಿಗೆ ಇನ್ನೊಬ್ಬ ಬುತ್ತಿ ಕಟ್ಟಿಕೊಂಡು ಹೊರಡುತ್ತಾನೆ. ನಮ್ಮ ಕಡೆಯಿಂದ ಹೋದ ಹುಡುಗರಿಗೆ ಮೊದಲ ತಿಂಗಳು ಬಹಳ ಕಷ್ಟವಾಗುತ್ತಿತ್ತು. ಬಿಸಿ, ಶಬ್ದ, ನಿಂತೇ ಇರುವ ಕೆಲಸ. ಆದರೆ ತಿಂಗಳ ಕೊನೆಗೆ ಸಂಬಳ ಎಂಬ ಒಂದು ವಸ್ತು ಕೈಗೆ ಬರುತ್ತಿತ್ತು ನೋಡಿ, ಅದು ಮಳೆ ಬಂದರೂ ಬರುತ್ತಿತ್ತು, ಬರದಿದ್ದರೂ ಬರುತ್ತಿತ್ತು. ಬರಗಾಲದ ವರ್ಷ ಒಬ್ಬನ ಸಂಬಳದಲ್ಲಿ ಹಳ್ಳಿಯ ಎರಡು ಮನೆಯ ಒಲೆ ಉರಿದದ್ದುಂಟು.

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಕಾರ್ಖಾನೆ ಕಾಯ್ದೆ ಬಂತು. ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದು, ಹೆಚ್ಚು ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕು ಎಂದು ಅದು ಹೇಳಿತು. 250 ಜನಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆ ಕ್ಯಾಂಟೀನು, 500 ಜನರಿದ್ದ ಕಡೆ ಅವರ ಕಷ್ಟಸುಖ ಕೇಳಲು ಒಬ್ಬ ಕಲ್ಯಾಣಾಧಿಕಾರಿ ಎಂಬ ನಿಯಮಗಳು ಬಂದವು. 1952ರಲ್ಲಿ ಭವಿಷ್ಯನಿಧಿ ಕಾಯ್ದೆ, 1972ರಲ್ಲಿ ಗ್ರಾಚ್ಯುಟಿ ಕಾಯ್ದೆ. ಇವುಗಳಲ್ಲಿ ಯಾವುದೂ ಪುಕ್ಕಟೆ ಸಿಕ್ಕದ್ದಲ್ಲ. ಕಾರ್ಮಿಕರು ಸಂಘ ಕಟ್ಟಿ, ಗೇಟಿನ ಮುಂದೆ ಕೂತು ಪಡೆದದ್ದು. ನಮ್ಮ ರೈತರಿಗೆ ಇವತ್ತಿಗೂ ಅಂಥ ಭದ್ರತೆ ಪೂರಾ ಬಂದಿಲ್ಲ ಎಂಬುದನ್ನು ಇಲ್ಲಿ ಹೇಳದೆ ಇರಲಾಗದು.

ದೊಡ್ಡ ಕಾರ್ಖಾನೆಗಳ ಒಳಗೂ ಸಹಕಾರ ಸಂಘ ಇರುತ್ತಿತ್ತು. ಕಾರ್ಮಿಕರೇ ಷೇರು ಹಾಕಿ ಪತ್ತಿನ ಸಂಘ ಮಾಡಿಕೊಳ್ಳುವುದು, ಮಗಳ ಮದುವೆಗೋ ಮನೆ ಕಟ್ಟುವುದಕ್ಕೋ ಸಾಲ ತೆಗೆಯುವುದು, ಕಂತು ಸಂಬಳದಲ್ಲೇ ಮುರಿದುಕೊಳ್ಳುವುದು. ವಸೂಲಾತಿಗೆ ನಮ್ಮ ಹಾಗೆ ಮನೆ ಮನೆ ಅಲೆಯುವ ಕೆಲಸವಿಲ್ಲ! ಆಯುಧಪೂಜೆ ಬಂದರೆ ಯಂತ್ರಗಳನ್ನು ತೊಳೆದು, ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯುವರು. ಆ ಒಂದು ದಿನ ಹೆಂಡತಿ ಮಕ್ಕಳನ್ನು ಒಳಗೆ ಬಿಡುವುದು ನಮ್ಮ ನಾಡಿನ ಬಹಳ ಕಾರ್ಖಾನೆಗಳ ರೂಢಿ. ಅಪ್ಪ ಇಡೀ ವರ್ಷ ನಿಲ್ಲುವ ಜಾಗವನ್ನು ಮಕ್ಕಳು ಅಂದು ನೋಡುತ್ತವೆ.

ಕೊಟ್ಟದ್ದು, ಪಡೆದದ್ದು

ಇಂಥ ಕಾರ್ಖಾನೆಗಳು ಊರಿಗೆ ಏನು ಕೊಟ್ಟವು? ಆಸ್ಪತ್ರೆ, ಶಾಲೆ, ಆಟದ ಮೈದಾನ, ನಾಟಕ ಸಂಗೀತದ ವೇದಿಕೆ, ಬೀದಿ ದೀಪ. ನಾನಾ ಭಾಷೆಯ, ನಾನಾ ಜಾತಿಯ ಜನ ಒಂದೇ ಸಾಲಿನ ಮನೆಗಳಲ್ಲಿ ಬಾಳುವ ಅಭ್ಯಾಸ. ಎಲ್ಲಕ್ಕಿಂತ ಹೆಚ್ಚಾಗಿ ಕೈಗೆ ಒಂದು ಕಸುಬು. ನಮ್ಮ ಕಡೆಯ ಊರುಗಳಲ್ಲಿ ಪಂಪ್‌ಸೆಟ್ ರಿಪೇರಿ, ವೆಲ್ಡಿಂಗ್, ಲೇತ್ ಕೆಲಸ ಮಾಡುವವರ ಗುರು ಪರಂಪರೆ ಕೇಳಿ ನೋಡಿ. ಎರಡನೇ ಮೂರನೇ ತಲೆಗೆ ಭದ್ರಾವತಿಯದೋ ಹರಿಹರದದೋ ಒಬ್ಬ ಮೇಸ್ತ್ರಿ ಸಿಕ್ಕೇ ಸಿಗುತ್ತಾರೆ.

ಊರಿನಿಂದ ಪಡೆದದ್ದೂ ಇದೆ. ಇದ್ದಿಲಿಗಾಗಿ ಮಲೆನಾಡಿನ ಕಾಡು ಎಷ್ಟು ಉರಿದಿರಬೇಕು! 1980ರ ದಶಕದಲ್ಲಿ ಹರಿಹರದ ಕೆಳಭಾಗದಲ್ಲಿ ತುಂಗಭದ್ರೆಯ ನೀರು ಕೆಟ್ಟು ಮೀನು ಸತ್ತಾಗ ದಡದ ಹಳ್ಳಿಗಳವರು ಚಳವಳಿಯನ್ನೇ ಮಾಡಬೇಕಾಯಿತು. ಒಳ್ಳೆಯದನ್ನು ಮಾತ್ರ ಬರೆದು ಕೆಟ್ಟದ್ದನ್ನು ಬಿಟ್ಟರೆ ಅದು ಇತಿಹಾಸವಾಗುವುದಿಲ್ಲ.

ಹಿಂದೆ ಕಾರ್ಖಾನೆ ಊರಿಗೆ ಮಾಡುತ್ತಿದ್ದದ್ದು ಬಹುಪಾಲು ಯಜಮಾನರ ಮನಸ್ಸಿಗೆ ಬಿಟ್ಟದ್ದು. ಈಗ ದೊಡ್ಡ ಕಂಪನಿಗಳ ಮಟ್ಟಿಗೆ ಅದು ಕಾನೂನು. 2013ರ ಕಂಪನಿ ಕಾಯ್ದೆಯಂತೆ, 2014ರ ಏಪ್ರಿಲ್‌ನಿಂದ, ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜದ ಕೆಲಸಕ್ಕೆ ತೆಗೆದಿಡಬೇಕು, ತಾವಿರುವ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. ಶಾಲೆಗೆ ಕೊಠಡಿ, ಕುಡಿಯುವ ನೀರು, ಕಸುಬಿನ ತರಬೇತಿ ಇವಕ್ಕೆಲ್ಲ ಕೇಳಬಹುದು. ನಮ್ಮ ಊರುಗಳವರು ಕೇಳುವುದೇ ಕಡಿಮೆ. ಕೇಳದೆ ಹೆತ್ತತಾಯಿಯೂ ಹಾಲು ಕೊಡುವುದಿಲ್ಲ ಅಂತ ಗಾದೆಯೇ ಇದೆಯಲ್ಲ.

ಗೇಟು ಮುಚ್ಚಿದ ಮೇಲೆ

ನಮ್ಮ ಸಂಘ ಕಣ್ಣು ಬಿಡುತ್ತಿದ್ದ ಕಾಲದಲ್ಲೇ ಹರಿಹರದ ಲೇತ್ ಕಾರ್ಖಾನೆ ಕಣ್ಣು ಮುಚ್ಚಿತು. 1991ರ ಉದಾರೀಕರಣದ ನಂತರ ಪರದೇಶದ ಯಂತ್ರಗಳು, ಕಂಪ್ಯೂಟರಿನಿಂದ ನಡೆಯುವ ಯಂತ್ರಗಳು ಬಂದವು. ಪೈಪೋಟಿ ಹೆಚ್ಚಿತು, ಸಾಲ ಬೆಳೆಯಿತು. 2000ದ ಆಸುಪಾಸಿನಲ್ಲಿ ಆರು ದಶಕದ ಕಾರ್ಖಾನೆ ನಿಂತುಹೋಯಿತು. ಭದ್ರಾವತಿಯಲ್ಲೂ ನೆಮ್ಮದಿ ಉಳಿಯಲಿಲ್ಲ. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಮಠಾಧೀಶರು, ವ್ಯಾಪಾರಸ್ಥರು, ಎಲ್ಲ ಪಕ್ಷದವರು ಅವರ ಜೊತೆ ನಿಂತರು. ಒಂದು ಕಾರ್ಖಾನೆಗಾಗಿ ಒಂದು ಊರೇ ಬೀದಿಗೆ ಇಳಿಯುತ್ತದೆ ಎಂದರೆ ಅದು ಊರಿನೊಳಗೆ ಎಷ್ಟು ಬೇರು ಬಿಟ್ಟಿರಬೇಕು!

ಆದರೆ ಇಲ್ಲೇ ಒಂದು ಮಾತು ನಮ್ಮನ್ನು ಚುಚ್ಚುತ್ತದೆ. ಊರಿನವರು ಕಾರ್ಖಾನೆಯನ್ನು ನಮ್ಮದು ಎಂದರು. ದುಡಿದರು, ಪೂಜೆ ಮಾಡಿದರು, ಮಕ್ಕಳಿಗೆ ತೋರಿಸಿದರು. ಮುಚ್ಚುವ ತೀರ್ಮಾನ ಮಾತ್ರ ಬೇರೆಲ್ಲೋ ಆಯಿತು. ಆ ಮೇಜಿನ ಮುಂದೆ ಅವರಿಗೆ ಕುರ್ಚಿ ಇರಲಿಲ್ಲ. ಸಹಕಾರ ಸಂಘದಲ್ಲಿ ಹಾಗಲ್ಲ. ಇಲ್ಲಿ ತೀರ್ಮಾನ ಮಹಾಸಭೆಯದು. ಹತ್ತು ಎಕರೆ ಅಡಿಕೆ ತೋಟದವನಿಗೂ ಒಂದೇ ಮತ, ಅರ್ಧ ಎಕರೆ ಖುಷ್ಕಿಯವನಿಗೂ ಒಂದೇ ಮತ. ಅಂದ ಮೇಲೆ ನಮ್ಮ ಸಂಘ ತಪ್ಪು ಮಾಡಿದರೆ ಅದು ದೂರದ ಯಾರದೋ ತಪ್ಪಲ್ಲ, ನಮ್ಮದೇ. ಅಂಥ ಒಂದು ತಪ್ಪನ್ನು ಈ ಬೆಳ್ಳಿಹಬ್ಬದ ಹೊತ್ತಿನಲ್ಲಿ ಹೇಳಿಬಿಡುತ್ತೇವೆ.

ಪಹಣಿ ಇಲ್ಲದ ಮನುಷ್ಯ

ನಮ್ಮ ಸೋದರಮಾವ ಒಬ್ಬರು ಐ.ಟಿ.ಐ.ನಲ್ಲಿ ಟರ್ನರ್ ಕೆಲಸ ಕಲಿತು, ದೂರದ ಪಟ್ಟಣದ ಒಂದು ಸಣ್ಣ ಇಂಜಿನಿಯರಿಂಗ್ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ದುಡಿದರು. 2003ರಲ್ಲಿ ಆ ಕಾರ್ಖಾನೆ ಒಂದು ಬೆಳಿಗ್ಗೆ ಬೀಗ ಹಾಕಿತು. ಆಮೇಲೆ ವಿಚಾರಿಸಿದರೆ, ಕೊನೆಯ ಕೆಲವು ವರ್ಷ ಸಂಬಳದಲ್ಲಿ ಮುರಿದುಕೊಂಡ ಪಿ.ಎಫ್. ಹಣವನ್ನು ಮಾಲೀಕರು ಕಟ್ಟಿಯೇ ಇರಲಿಲ್ಲ. ಮಾವ ಊರಿಗೆ ಬಂದಾಗ ಅವರ ಕೈಲಿ ಒಂದು ಟ್ರಂಕು, ಅದರಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ವರ್ನಿಯರ್, ಒಂದು ಮೈಕ್ರೋಮೀಟರ್. (ಈಗ ಹೊರಗೆ ದುಡಿಯುವ ನಮ್ಮ ಮಕ್ಕಳಿಗೆ ಒಂದು ಮಾತು: ಪಿ.ಎಫ್. ಹಣ ಜಮಾ ಆಗಿದೆಯೇ ಇಲ್ಲವೇ ಎಂದು ಯು.ಎ.ಎನ್. ಸಂಖ್ಯೆಯಿಂದ ಮೊಬೈಲಿನಲ್ಲೇ ನೋಡಬಹುದು. ತಿಂಗಳಿಗೊಮ್ಮೆ ನೋಡಿಕೊಳ್ಳಿ. ಮಾವನ ಕಾಲಕ್ಕೆ ಅದಿರಲಿಲ್ಲ.)

ಊರಲ್ಲಿ ಒಂದು ಲೇತ್ ಹಾಕುತ್ತೇನೆ, ಸಾಲ ಕೊಡಿ ಎಂದು ಮಾವ ಸಂಘಕ್ಕೆ ಬಂದರು. ಆಗಿನ ಆಡಳಿತ ಮಂಡಳಿ ಪಹಣಿ ಕೇಳಿತು. ಅವರ ಹೆಸರಿನಲ್ಲಿ ಒಂದು ಗುಂಟೆಯೂ ಇರಲಿಲ್ಲ, ಎಲ್ಲ ಅಣ್ಣಂದಿರ ಹೆಸರಲ್ಲಿ. ಅರ್ಜಿ ವಾಪಸಾಯಿತು. ಆ ಸಭೆಯಲ್ಲಿ ನಾವು ನಿರ್ದೇಶಕರಾಗಿ ಇರಲಿಲ್ಲ ನಿಜ. ಆದರೆ ಸದಸ್ಯರಾಗಿದ್ದೆವು. ಮಹಾಸಭೆಯಲ್ಲಿ ಎದ್ದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಸ್ವಂತ ಮಾವನ ಪರ ಮಾತಾಡಿದರೆ ಜನ ಏನೆಂದಾರು ಎಂಬ ಸಂಕೋಚ. ಮಾವ ಬೇರೆಯವರ ವರ್ಕ್‌ಶಾಪಿನಲ್ಲಿ ದಿನಗೂಲಿಗೆ ನಿಂತರು.

2009ರ ಸುಗ್ಗಿಯಲ್ಲಿ ಮೆಕ್ಕೆಜೋಳ ಕಣದಲ್ಲಿ ಬಿದ್ದಿತ್ತು. ಮೋಡ ಕಟ್ಟಿತ್ತು. ಒಕ್ಕುವ ಯಂತ್ರದ ಶಾಫ್ಟಿನ ಬುಷ್ ತಿಂದುಹೋಗಿ ಯಂತ್ರ ನಿಂತಿತು. ಪೇಟೆಗೆ ಫೋನ್ ಮಾಡಿದರೆ ಮೂರು ದಿನ ಬೇಕೆಂದರು. ಮಾವ ಬಂದು ವರ್ನಿಯರ್ ಹಿಡಿದು ಅಳತೆ ತೆಗೆದರು, ಬೈಕಿನ ಹಿಂದೆ ಕೂತು ತಾವು ಕೂಲಿ ಮಾಡುವ ವರ್ಕ್‌ಶಾಪಿಗೆ ಹೋದರು, ರಾತ್ರಿ ಒಂದು ಗಂಟೆಗೆ ಹೊಸ ಬುಷ್ ತಂದು ಕೂರಿಸಿದರು. ಬೆಳಗಿನ ಜಾವದ ಹೊತ್ತಿಗೆ ನಾಲ್ಕು ಕಣ ಮುಗಿದವು. ಮಳೆ ಮಧ್ಯಾಹ್ನ ಬಂತು. ಅಂದು ಕಣದಲ್ಲಿದ್ದವರಲ್ಲಿ ಇಬ್ಬರು ಸಂಘದ ನಿರ್ದೇಶಕರು. ಎಷ್ಟು ಕೊಡಲಿ ಎಂದು ಅವರು ಕೇಳಿದ್ದಕ್ಕೆ ಮಾವ ಕೂಲಿ ಹೇಳಿ, ತಲೆ ಎತ್ತದೆ ಕೈ ಒರೆಸಿಕೊಳ್ಳುತ್ತಾ, "ಗೌಡ್ರೇ, ಇನಾಮು ಬ್ಯಾಡ. ಆವತ್ತು ಕೇಳಿದ್ನಲ್ಲ, ಆ ಸಾಲ ಕೊಡ್ರಿ" ಎಂದರು.

ಮುಂದಿನ ತಿಂಗಳ ಸಭೆಯಲ್ಲಿ ಇಬ್ಬರು ಸದಸ್ಯರ ಜಾಮೀನಿನ ಮೇಲೆ ಸಾಲ ಮಂಜೂರಾಯಿತು. ಒಂದು ಜಾಮೀನು ಆ ಗೌಡರದು, ಇನ್ನೊಂದು ನಮ್ಮದು. ಶಿವಮೊಗ್ಗದಿಂದ ಒಂದು ಹಳೆಯ ಲೇತ್ ಬಂತು. ಇಳಿಸಿ ಮಣ್ಣು ಎಣ್ಣೆ ಒರೆಸಿದಾಗ ಮೈಮೇಲೆ ಕಿರ್ಲೋಸ್ಕರ್ ಎಂಬ ಅಕ್ಷರ ಕಂಡವು. ಎಂಟರ್‌ಪ್ರೈಸ್ ಮಾದರಿ. ಹರಿಹರದಲ್ಲಿ ಮಾಡಿದವರ ಕೆಲಸ ಹೋಗಿತ್ತು, ಅವರು ಮಾಡಿದ ಯಂತ್ರ ಗಟ್ಟಿಯಾಗಿಯೇ ಇತ್ತು. ಮಾವ ಒಂದು ಕಂತೂ ತಪ್ಪಿಸಲಿಲ್ಲ. ಊರಿನ ಮೂವರು ಹುಡುಗರಿಗೆ ಕೆಲಸ ಕಲಿಸಿದರು. ಅಳತೆ ತಪ್ಪಿದರೆ ಬೈಯುತ್ತಿದ್ದರು. "ಕೂದಲೆಳೆ ತಪ್ಪಿದ್ರೂ ತಪ್ಪೇ ಕಣೋ. ನಿನಗೆ ಅದು ಕೂದಲು, ಬೇರಿಂಗಿಗೆ ಅದು ಪ್ರಾಣ" ಎನ್ನುತ್ತಿದ್ದರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಮೂವರಲ್ಲಿ ಒಬ್ಬ ಅದೇ ಲೇತ್ ನಡೆಸುತ್ತಿದ್ದಾನೆ. ಸುತ್ತಲ ಏಳೆಂಟು ಹಳ್ಳಿಯ ಪಂಪು, ರೋಟವೇಟರು, ಕಲ್ಟಿವೇಟರು ಅಲ್ಲಿಗೇ ಬರುತ್ತವೆ. ಒಬ್ಬ ಹುಡುಗ ಬೆಂಗಳೂರಿಗೆ ಹೋದ. ಇನ್ನೊಬ್ಬ ಕಸುಬು ಬಿಟ್ಟು ಆಟೋ ಓಡಿಸುತ್ತಾನೆ. ಎಲ್ಲವೂ ನಾವು ಅಂದುಕೊಂಡಂತೆ ಆಗುವುದಿಲ್ಲ.

2003ರಲ್ಲಿ ಕೊಡಬಹುದಾಗಿದ್ದ ಸಾಲವನ್ನು ನಮ್ಮ ಸಂಘ ಆರು ವರ್ಷ ತಡವಾಗಿ ಕೊಟ್ಟಿತು. ಆ ಆರು ವರ್ಷ ಒಬ್ಬ ಕಸುಬುದಾರ ದಿನಗೂಲಿ ಮಾಡಿದ. ಇದನ್ನು ನಮ್ಮ ಲೆಕ್ಕಪತ್ರದ ಯಾವ ಕಾಲಂನಲ್ಲೂ ತೋರಿಸಿಲ್ಲ. ಆದ್ದರಿಂದ ಇಲ್ಲಿ ಬರೆದಿದ್ದೇವೆ.

ಮಹಾಸಭೆಯ ಮುಂದೆ ಒಂದು ಬಿನ್ನಹ

1995ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಸಹಕಾರಿ ಒಕ್ಕೂಟವು ಸಹಕಾರದ ತತ್ವಗಳಿಗೆ ಏಳನೆಯದಾಗಿ ಸಮುದಾಯದ ಬಗೆಗಿನ ಕಾಳಜಿಯನ್ನು ಸೇರಿಸಿತು. ಅಂದರೆ ಸಂಘವು ತನ್ನ ಸದಸ್ಯರನ್ನು ನೋಡಿಕೊಂಡರೆ ಸಾಲದು, ತಾನಿರುವ ಊರನ್ನೂ ನೋಡಬೇಕು. ಭದ್ರಾವತಿ, ಹರಿಹರದಂಥ ಕಾರ್ಖಾನೆಗಳು ತಮ್ಮ ಒಳ್ಳೆಯ ದಿನಗಳಲ್ಲಿ ಮಾಡಿದ್ದು ಇದನ್ನೇ.

ಬೆಳ್ಳಿಹಬ್ಬಕ್ಕಾಗಿ ಸದಸ್ಯರು ಕೊಟ್ಟ ವಂತಿಗೆಯಲ್ಲಿ ಖರ್ಚು ಕಳೆದು ಉಳಿಯುವ ಹಣದಿಂದ ಸಂಘದ ಕಚೇರಿ ಮುಂದೆ ಒಂದು ಸ್ವಾಗತ ಕಮಾನು ಕಟ್ಟಿಸಬೇಕೆಂಬ ಮಾತು ನಡೆದಿದೆ. ಕಮಾನು ಚೆಂದವೇ. ಅದನ್ನು ಸೂಚಿಸಿದ ಹಿರಿಯರ ಮೇಲೆ ನಮಗೆ ಗೌರವವಿದೆ. ಆದರೂ ನಮ್ಮದೊಂದು ಬೇರೆ ಅಭಿಪ್ರಾಯ. ಆ ಹಣವ‍ನ್ನು ಠೇವಣಿ ಇಟ್ಟು, ಅದರ ಬಡ್ಡಿಯಿಂದ ವರ್ಷಕ್ಕೆ ನಮ್ಮ ವ್ಯಾಪ್ತಿಯ ಇಬ್ಬರು ಬಡ ಮಕ್ಕಳ ಐ.ಟಿ.ಐ. ಖರ್ಚು ನೋಡಿಕೊಳ್ಳೋಣ. ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಜೊತೆಗೆ, ಪಹಣಿ ಇಲ್ಲದ ಕಸುಬುದಾರರಿಗೆ, ಅಂದರೆ ವೆಲ್ಡರ್, ಟರ್ನರ್, ಬಡಗಿ, ಮೋಟಾರು ಸುತ್ತುವವರಿಗೆ, ಜಾಮೀನಿನ ಮೇಲೆ ಸಾಲ ಕೊಡಲು ಕಾಯ್ದೆಯ ಚೌಕಟ್ಟಿನಲ್ಲಿ ಒಂದು ಶಾಶ್ವತ ಏರ್ಪಾಡು ಮಾಡೋಣ. ರೈತನ ಯಂತ್ರ ನಿಂತರೆ ರೈತನೇ ನಿಂತ ಹಾಗೆ. ಅದನ್ನು ನಡೆಸುವ ಕೈಯೂ ನಮ್ಮ ಸಂಘದ ಕೈಯೇ.

ವಿಶ್ವೇಶ್ವರಯ್ಯನವರು ತಮ್ಮ ಸಂಭಾವನೆಯಿಂದ ಮನೆ ಕಟ್ಟಿಸಿಕೊಳ್ಳಬಹುದಿತ್ತು. ಕಸುಬಿನ ಶಾಲೆಗೆ ಕೊಟ್ಟರು. ಕಾರ್ಖಾನೆ ಹಲವು ಕೈ ಬದಲಾಯಿತು, ಶಾಲೆಯಿಂದ ಕಲಿತು ಹೊರಬಂದವರ ಸಂಖ್ಯೆ ಮಾತ್ರ ವರ್ಷ ವರ್ಷವೂ ಬೆಳೆಯಿತು. ಆ ಮಹನೀಯರೆಲ್ಲಿ, ನಾವೆಲ್ಲಿ. ಆದರೂ ಅಳಿಲು ಸೇವೆ ಎಂಬುದೊಂದಿದೆಯಲ್ಲ.

ಇದು ಒಬ್ಬ ನಿರ್ದೇಶಕರ ಅಭಿಪ್ರಾಯ ಮಾತ್ರ. ಕಮಾನೋ ಕಸುಬೋ ಎಂಬುದನ್ನು ತೀರ್ಮಾನಿಸುವವರು ತಾವು. ದಯಮಾಡಿ ಎಲ್ಲ ಸದಸ್ಯರೂ ಮಹಾಸಭೆಗೆ ಬನ್ನಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಊಟ ಮಾಡಿ ಹೋಗುವ ಹಳೆಯ ಅಭ್ಯಾಸ ಈ ಒಂದು ಸಲ ಬೇಡ. ಕೂತು, ಕೇಳಿ, ಎದ್ದು ಮಾತಾಡಿ. 2003ರಲ್ಲಿ ನಾವು ಮಾಡದೇ ಹೋದ ಕೆಲಸ ಅದು.

ಸಂಘವು ಸುವರ್ಣ ಮಹೋತ್ಸವವನ್ನೂ ಕಾಣಲಿ. ಆ ಸಂಚಿಕೆಗೆ ಲೇಖನ ಬರೆಯುವವರು ನಮ್ಮ ಊರಿನ ಒಬ್ಬ ಟರ್ನರ್ ಆಗಿರಲಿ ಎಂದು ಹಾರೈಸುತ್ತೇವೆ.